ಕತ್ತರಿ ಗುರುತಿನ ಹನ್ನೊಂದು ತೂತುಗಳು

ಕೂಗಿದರೆ ಬೀದಿಗೆಲ್ಲ ಕೇಳಿಸಿ, ತಮಗೊಬ್ಬರಿಗೆ ಮಾತ್ರ ಕೇಳಿಸದ ನನ್ನ ಯಜಮಾನರಿಗೆ,

ಒಂದೇ ಮನೆಯಲ್ಲಿ, ಒಂದೇ ಗೋಡೆಯ ಆಚೆ ಈಚೆ ಇದ್ದುಕೊಂಡು ಹೆಂಡತಿ ಗಂಡನಿಗೆ ಕಾಗದ ಬರೆಯುವುದೆಂದರೆ ನಗೆಪಾಟಲು. ಏನು ಮಾಡಲಿ? ನೀವು ಮೂವತ್ತೊಂದು ವರ್ಷ ಓಡಿಸಿದ ಆ ಬಂದರಿನ ಕ್ರೇನು ನಿಮ್ಮ ಕಿವಿ ತಿಂದುಹಾಕಿತು. ನಾಲ್ಕು ದಿನದಿಂದ ನಿಮ್ಮ ಕಿವಿಗೆ ಬಾಯಿಟ್ಟು ತಪ್ಪೊಪ್ಪಿಕೊಳ್ಳುತ್ತಿದ್ದೇನೆ. ನೀವು ‘ಊಟ ಬೇಡ’ ಎಂದು ಮಗ್ಗುಲಾಗುತ್ತೀರಿ. ಅದಕ್ಕೇ ಮೊಮ್ಮಗಳ ಡ್ರಾಯಿಂಗ್ ಪುಸ್ತಕ ಕಿತ್ತುಕೊಂಡು, ಒಂದೊಂದು ಅಕ್ಷರವನ್ನೂ ಹೆಬ್ಬೆರಳಿನಷ್ಟು ದಪ್ಪಗೆ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಒತ್ತಕ್ಷರ ತಪ್ಪಿದ್ದರೆ ಆಮೇಲೆ ಬೈಯಿರಿ, ಮೊದಲು ಓದಿ.

ಕಣ್ಣಿನ ಡಾಕ್ಟರಮ್ಮ ಅವತ್ತು ಚೀಟಿಯಲ್ಲಿ ಬರೆದು ತೋರಿಸಿದ್ದು ನೆನಪಿದೆಯೇ? ಹೋದ ನೋಟ ವಾಪಸ್ಸು ಬರುವುದಿಲ್ಲ, ದಿನಕ್ಕೆರಡು ಸಲ ಹನಿ ಹಾಕಿಕೊಂಡರೆ ಇರುವುದು ಉಳಿಯುತ್ತದೆ, ಬಿಟ್ಟರೆ ಅದೂ ಹೋಗುತ್ತದೆ. ಮನೆಗೆ ಬಂದವರೇ ನೀವು ಅಟ್ಟ ಹತ್ತಿ ಮಗಳ ಹಳೇ ಆಟದ ಪೆಟ್ಟಿಗೆ ಇಳಿಸಿದಿರಿ. ಸಾಲು ತೂತಿನ ತಗಡಿನ ಪಟ್ಟಿಗಳು, ಪುಟಾಣಿ ನಟ್ಟು ಬೋಲ್ಟು, ಕೆಂಪು ಹಸಿರು ಬಣ್ಣ. ‘ಅರವತ್ತೊಂಬತ್ತಕ್ಕೆ ಆಟ ಶುರುವಾಯ್ತಾ’ ಎಂದು ನಾನು ಹಂಗಿಸಿದೆ. ನಿಮಗೆ ಕೇಳಿಸಲಿಲ್ಲ. ಕೇಳಿಸದಿದ್ದದ್ದೇ ಒಳ್ಳೆಯದಾಯಿತು.

ನಿಮ್ಮ ಕ್ರೇನನ್ನು ಗುಜರಿಯವರು ಗ್ಯಾಸ್ ಹಚ್ಚಿ ತುಂಡು ತುಂಡು ಮಾಡಿ ಸಾಗಿಸಿ ಎರಡು ವರ್ಷವಾಗಿತ್ತು. ಅದನ್ನೇ ಮತ್ತೆ ನಿಲ್ಲಿಸಬೇಕೆಂದು ಹೊರಟಿರಿ. ಅಲ್ಲಿಯ ಒಂದು ಅಡಿ ಇಲ್ಲಿ ಕಾಲು ಇಂಚು. ಒಂದು ಕೂದಲೆಳೆ ಹೆಚ್ಚಾದರೂ ಬಿಚ್ಚಿ ಮತ್ತೆ ಅರ ಹಿಡಿದು ಉಜ್ಜುತ್ತಿದ್ದಿರಿ. ನನ್ನಿಂದ ದಾರ ಹುರಿ ಮಾಡಿಸಿ ಉಕ್ಕಿನ ಹಗ್ಗ ಎಂದಿರಿ. ಕುದಿಸಿ ಒಣಗಿಸಿದ ಚಹಾಪುಡಿಯನ್ನು ಅರೆದು ಅಂಟಿಸಿ ತುಕ್ಕು ಎಂದಿರಿ. ತುಕ್ಕಿಲ್ಲದ ತಗಡಿಗೆ ತುಕ್ಕು ಹಿಡಿಸುವ ಗಂಡಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಕ್ಯಾಬಿನ್ನಿನಲ್ಲಿ ಕೂರಿಸಲು ನಿಮ್ಮನ್ನೇ ಕೆತ್ತಿಕೊಂಡಿರಿ, ಬೆಂಕಿಕಡ್ಡಿಗಿಂತ ಗಿಡ್ಡ. ‘ಮೂಗು ಸರಿಯಾಗಿದೆಯಾ ನೋಡೇ’ ಎಂದಿರಿ. ನಿಮ್ಮದಕ್ಕಿಂತ ಚೆನ್ನಾಗಿಯೇ ಇತ್ತು. ಒಂದೇ ಒಂದು ಹೊತ್ತೂ ಹನಿ ತಪ್ಪಿಸಲಿಲ್ಲ ನೀವು. ‘ಇದು ತಿರುಗೋದನ್ನ ನೋಡಬೇಕು ಕಣೇ, ಅಲ್ಲೀವರೆಗೆ ಕಣ್ಣು ಇರಬೇಕು’ ಎನ್ನುತ್ತಿದ್ದಿರಿ.

ತೂತು ಕಂಡರೆ ಆಟದ ಸಾಮಾನು ಎಂದು ಗೊತ್ತಾಗಿಬಿಡುತ್ತದೆಂದು ಒಂದೊಂದೇ ತೂತಿಗೆ ಪುಟ್ಟಿ ಮೆತ್ತಿ ನಯ ಮಾಡಿದಿರಿ. ಕೊನೆಗೆ ಹನ್ನೊಂದು ಉಳಿದವು. ಅವುಗಳ ಪಕ್ಕ ಸೀಮೆಸುಣ್ಣದಲ್ಲಿ ಕತ್ತರಿ ಗುರುತು ಹಾಕಿದಿರಿ. ಅದೇ ಸಂಜೆ ಜ್ವರ ಬಂದು ಮಲಗಿದಿರಿ.

ಈಗ ಕೇಳಿ. ಬಟ್ಟೆ ಗಿರಣಿಯಲ್ಲಿ ಇಪ್ಪತ್ತಾರು ವರ್ಷ ನಾನು ಮಾಡಿದ್ದು ರಫೂ ಕೆಲಸ. ತಪಾಸಣೆಯ ಮೇಜಿನವಳು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಕತ್ತರಿ ಗುರುತು ಹಾಕಿದಳೆಂದರೆ ಅಲ್ಲೊಂದು ತೂತಿದೆ, ಮುಚ್ಚು ಎಂದು ಅರ್ಥ. ಮುಚ್ಚಿದ ಮೇಲೆ ಮುಚ್ಚಿದ್ದು ಯಾರಿಗೂ ಗೊತ್ತಾಗಬಾರದು. ಕಂಡುಹಿಡಿದರೆ ಆ ವಾರವಿಡೀ ಮೇಸ್ತ್ರಿಯ ಬಾಯಿಗೆ ಎಲೆಯಡಿಕೆಯಾಗಬೇಕಿತ್ತು. ನಿಮ್ಮ ಗುರುತು ನೋಡಿದಾಗ ನನ್ನ ಕೈ ತಾನಾಗಿ ಪುಟ್ಟಿಯ ಡಬ್ಬಿಗೆ ಹೋಯಿತು. ಪಾಪ, ಜ್ವರದಲ್ಲಿ ಮಲಗಿದ್ದಾರೆ, ಎದ್ದಾಗ ಕೆಲಸ ಮುಗಿದಿರಲಿ ಎಂದುಕೊಂಡೆ. ಮೂರು ದಿನ ಕೂತು ಎರಡೂ ಕಡೆಯಿಂದ ಮೆತ್ತಿದೆ, ಗುರುತು ಸಮೇತ ಉಜ್ಜಿದೆ, ಬೂದುಬಣ್ಣ ಬಳಿದೆ, ಚಹಾಪುಡಿ ಉದುರಿಸಿದೆ. ಇಷ್ಟು ಒಳ್ಳೆಯ ರಫೂ ನಾನು ಗಿರಣಿಯಲ್ಲೂ ಮಾಡಿರಲಿಲ್ಲ.

ಜ್ವರ ಬಿಟ್ಟು ಎದ್ದವರು ಬೋಲ್ಟು ಹಿಡಿದು ಕೂತಿರಿ. ಕನ್ನಡಕ ಒರೆಸಿಕೊಂಡಿರಿ. ಭೂತಗನ್ನಡಿ ಹಿಡಿದಿರಿ. ಕಣ್ಣು ಮುಚ್ಚಿ ಉಗುರಿನಿಂದ ತಡಕಿದಿರಿ. ‘ಬೋಲ್ಟಿಗೆ ಅಂತ ಬಿಟ್ಟಿದ್ದೆನಲ್ಲೇ, ಗುರುತು ಹಾಕಿದ್ದೆನಲ್ಲ. ಒಂದೂ ಕಾಣ್ತಿಲ್ಲ. ನೀನೇನಾದ್ರೂ ಮುಟ್ಟಿದ್ಯಾ?’

ನಾನು ಇಲ್ಲವೆಂದು ತಲೆಯಾಡಿಸಿದೆ.

ನಲವತ್ತಾರು ವರ್ಷದ ಸಂಸಾರದಲ್ಲಿ ನಿಮಗೆ ಹೆದರಿದವಳಲ್ಲ. ನಿಮ್ಮ ಅಮ್ಮನಿಗೇ ಹೆದರಲಿಲ್ಲ. ಅವತ್ತು ಯಾಕೆ ಹಾಗೆ ಮಾಡಿದೆನೋ, ಸಂಜೆ ಹೇಳಿದರಾಯಿತು ಎಂದುಕೊಂಡೆ. ಸಂಜೆಗೆ ನೀವು ‘ಕಣ್ಣೂ ಹೋಯ್ತು, ಬೆರಳೂ ಹೋಯ್ತು, ಎತ್ತಿಡು ಅದನ್ನ’ ಎಂದು ಮಲಗಿಬಿಟ್ಟಿರಿ. ಹನಿ ಹಾಕಲು ಬಂದರೆ ‘ಹೋದ ಕಣ್ಣಿಗೆ ಹನಿ ಯಾಕೆ’ ಎಂದು ಕೈ ತಳ್ಳಿದಿರಿ. ಇವತ್ತಿಗೆ ಹನ್ನೆರಡು ದಿನ. ನಾಲ್ಕು ದಿನದ ಹಿಂದೆ ಬಚ್ಚಲಿಗೆ ಗೋಡೆ ತಡವಿಕೊಂಡು ಹೋಗುತ್ತಿದ್ದಿರಿ. ಕಾಣದೆ ಹಾಗೆ ಹೋದಿರೋ, ಕಾಣುವುದಿಲ್ಲವೆಂದು ನಂಬಿ ಹೋದಿರೋ ನನಗೆ ತಿಳಿಯಲಿಲ್ಲ. ಅವತ್ತೇ ಹೇಳಿಬಿಡಬೇಕೆಂದು ಹೊರಟೆ.

ಕ್ರೇನಿನ ತೋಳು ತಂದು ನಿಮ್ಮ ಕೈಗಿಟ್ಟು, ನನ್ನ ಎದೆ ಮುಟ್ಟಿ, ಪುಟ್ಟಿಯ ಡಬ್ಬಿ ತೋರಿಸಿದೆ. ‘ಸಮಾಧಾನ ಮಾಡೋಕೆ ಬರಬೇಡ’ ಎಂದಿರಿ. ಮಗಳಿಗೆ ಹೇಳಿದೆ. ‘ಅಮ್ಮಾ, ನಿನ್ನ ರಫೂ ಕೈ ಕ್ರೇನನ್ನೂ ಬಿಡಲಿಲ್ವಾ’ ಎಂದು ನಕ್ಕವಳು, ಹನಿಯ ವಿಷಯ ಕೇಳಿದ್ದೇ ಕಾಗದ ಪೆನ್ನು ಹುಡುಕಿದಳು. ಅವಳು ಚೀಟಿ ಬರೆದು ನಿಮ್ಮ ಮುಂದೆ ಹಿಡಿದರೆ ನೀವು ಕಣ್ಣೇ ತೆರೆಯಲಿಲ್ಲ. ದಬ್ಬಳ ಹಿಡಿದು ನಾನೇ ತೂತು ಬಿಡಿಸಲು ಹೋದೆ. ಎಲ್ಲಿ ಚುಚ್ಚಲಿ? ಮುಚ್ಚಿದವಳಿಗೇ ಜಾಗ ಸಿಗಲಿಲ್ಲ. ಮೊಮ್ಮಗಳನ್ನು ಬಿಸಿಲಲ್ಲಿ ಕೂರಿಸಿ ಹುಡುಕಿಸಿದೆ. ‘ಅಜ್ಜಿ, ಇಲ್ಲಿ ತೂತು ಇತ್ತಾ?’ ಎಂದು ನನ್ನನ್ನೇ ಕೇಳಿದಳು.

ಇಷ್ಟು ಹೇಳಲಿಕ್ಕೇ ಪುಸ್ತಕ ಮುಗಿಸಿದೆ. ಮೊಮ್ಮಗಳ ಹದಿನಾರು ವರ್ಷದ ಕಣ್ಣಿಗೆ ಕಾಣದ್ದು ನಿಮಗೆ ಕಾಣಲಿಲ್ಲ, ಅಷ್ಟೇ ಆಗಿದ್ದು. ಆ ದಿನ ನಿಮ್ಮ ಕಣ್ಣು ಇತ್ತು. ಈ ಹನ್ನೆರಡು ದಿನದಲ್ಲಿ ಅದು ಎಷ್ಟು ಹೋಯಿತೋ ನನಗೆ ಗೊತ್ತಿಲ್ಲ. ಹೋಗಿದ್ದರೆ ಅದನ್ನು ತಿಂದವಳು ನಾನು.

ಇದನ್ನು ನಿಮ್ಮ ದಿಂಬಿನ ಮೇಲಿಡುತ್ತೇನೆ. ಓದುತ್ತೀರೋ, ಮಡಚಿ ತಲೆಯಡಿಗೆ ಇಟ್ಟುಕೊಳ್ಳುತ್ತೀರೋ, ನನ್ನ ಕೈಯಲ್ಲಿಲ್ಲ. ನಾಳೆ ಬೆಳಗ್ಗೆ ಹನಿಯ ಸೀಸೆ ಹಿಡಿದು ಮಂಚದ ಪಕ್ಕ ನಿಲ್ಲುತ್ತೇನೆ. ನೀವು ಮಾತಾಡಬೇಕಾಗಿಲ್ಲ. ಗದ್ದ ಮೇಲೆತ್ತಿ ಮುಖ ಕೊಟ್ಟರೆ ಸಾಕು, ಓದಿದ್ದೀರಿ ಎಂದು ತಿಳಿಯುತ್ತೇನೆ. ಗೋಡೆಯ ಕಡೆ ತಿರುಗಿದರೆ ಆಮೇಲೆ ಏನು ಮಾಡಬೇಕೋ ನನಗೆ ಹೊಳೆಯುತ್ತಿಲ್ಲ. ನಿಂತೇ ಇರುತ್ತೇನೆ.

ನಿಮಗಿಂತ ಚಿಕ್ಕವಳು, ಹರಸುವ ಹಾಗಿಲ್ಲ. ಆದರೂ ನಿಮ್ಮ ನೋಟ ನಿಮ್ಮಲ್ಲೇ ನಿಲ್ಲಲಿ.

ನಿಮಗೆ ಸುಳ್ಳು ತಲೆಯಾಡಿಸಿದ
ನಿಮ್ಮ ಮನೆಯವಳು