ಕಂದು ಬಣ್ಣದ ಬೆಳ್ಳಿ

ಕೋಲಾರ, 26 ನವೆಂಬರ್ 1982
ಕಾಲೇಜಿನ ಲ್ಯಾಬಿನಲ್ಲಿ ಇವತ್ತೂ ಹನ್ನೆರಡು ಗಾಜಿನ ಸ್ಲೈಡ್. ಸಿಲ್ವರ್ ನೈಟ್ರೇಟ್, ಅಮೋನಿಯ, ಗ್ಲೂಕೋಸ್... ಗಾಜಿನ ಮೇಲೆ ತೆಳ್ಳಗೆ ಬೆಳ್ಳಿ ಕೂರಬೇಕು. ಅದರ ಮೇಲೆ ಪಿರಿಡೀನ್ ದ್ರವ ಹಚ್ಚಿ ಲೇಸರ್ ಬಿಟ್ಟರೆ, ಚದುರಿದ ಬೆಳಕಿನಲ್ಲಿ ಆ ದ್ರವದ ಗುರುತಾದ ಮಂಕು ರಾಮನ್ ಗೆರೆ ಸಾವಿರಾರು ಪಟ್ಟು ಜೋರಾಗುತ್ತದಂತೆ. ಓದಿದ್ದು, ಕಂಡಿಲ್ಲ. ಹನ್ನೊಂದು ಸ್ಲೈಡ್ ಕನ್ನಡಿಯ ಹಾಗೆ ಫಳಫಳ. ಒಂದನ್ನು ಲ್ಯಾಬ್ ಅಟೆಂಡರ್ ಮುನಿಯಲ್ಲಪ್ಪ ದ್ರಾವಣದಿಂದ ಬೇಗ ಎತ್ತಿಬಿಟ್ಟರು. ಕಂದು, ಕಲೆಕಲೆ. ಹುಡುಗರ ಎದುರಿಗೇ ಬೈದೆ. ಮುನಿಯಲ್ಲಪ್ಪ ಬೀಕರುಗಳನ್ನು ತೊಳೆದಿಟ್ಟು ಹೋದರು.

29 ನವೆಂಬರ್
ಬೆಂಗಳೂರಿನ ಲ್ಯಾಬಿನಲ್ಲಿ ಲೇಸರ್ ಯಂತ್ರ ನಾಳೆ ಮಾತ್ರ ಬಿಡುವು. ನಾಳೆಯೇ ಮುನಿಯಲ್ಲಪ್ಪ ರಿಟೈರ್. ನಾಲ್ಕಕ್ಕೆ ಸ್ಟಾಫ್ ರೂಮಿನಲ್ಲಿ ಹಾರ, ಭಾಷಣ. ಅಷ್ಟರೊಳಗೆ ಬಂದುಬಿಡುತ್ತೇನೆ ಎಂದೆ. ತಲೆಯಾಡಿಸಿದರು.

30 ನವೆಂಬರ್, ಬಸ್ಸಿನಲ್ಲಿ, ಸಂಜೆ 6
ಹನ್ನೊಂದು ಕನ್ನಡಿಯಲ್ಲೂ ಏನೂ ಇಲ್ಲ. ಕಂದು ಸ್ಲೈಡೂ ಪೆಟ್ಟಿಗೆಯಲ್ಲಿತ್ತು. ಸುಮ್ಮನೆ ಇಟ್ಟು ನೋಡಿದೆ. ಗೆರೆ ಎಳೆಯುವ ಯಂತ್ರದ ಪೆನ್ನು ಗ್ರಾಫ್ ಕಾಗದದ ಅಂಚು ದಾಟಿ ಹೋಯಿತು. ಬೆಳ್ಳಿ ಹಾಳೆಯಾಗದೆ ಸಣ್ಣ ಸಣ್ಣ ಕಾಳಾಗಿಯೇ ಉಳಿದಿದೆ — ಬೇಕಿದ್ದುದೇ ಅದು. ಒಂದು ಗಂಟೆಗೆ ಹೊರಡಬೇಕಿತ್ತು. ಇನ್ನೊಂದು ಸಲ, ಇನ್ನೊಂದು ಸಲ ಅಂತ ನಾಲ್ಕೂವರೆ. ಪಕ್ಕದ ಸೀಟಿನ ಹೆಂಗಸಿಗೆ ಹೇಳಬೇಕೆನಿಸಿತು. ಏನಂತ?

9 ಡಿಸೆಂಬರ್
ಮೂವತ್ತು ಸ್ಲೈಡ್ ದಂಡ. ಬೇಗ ಎತ್ತಿದರೆ ಬರೀ ಗಾಜು, ತಡವಾದರೆ ಕನ್ನಡಿ. ಗೆದ್ದ ಆ ಒಂದೂ ಈಗ ಕಪ್ಪಾಗಿದೆ. ಸ್ಟಾಫ್ ರೂಮಿನಲ್ಲಿ ಕಂದು ಸ್ಲೈಡಿನ ವಿಷಯ ಹೇಳಿದೆ. ಪ್ರಮೋಷನ್ ಸಿಗುತ್ತದಾ ಎಂದು ಕೇಳಿ ಮತ್ತೆ ಪೇಪರ್ ಬಿಡಿಸಿದರು.

12 ಡಿಸೆಂಬರ್, ಭಾನುವಾರ
ದೇವರಾಯಸಮುದ್ರಕ್ಕೆ ಹೋಗಿದ್ದೆ. ಮುನಿಯಲ್ಲಪ್ಪ ಹೆಂಡತಿಯ ಜೊತೆ ಅವರೆಕಾಯಿ ಸುಲಿಯುತ್ತಿದ್ದರು. ಬೈದದ್ದು ತಪ್ಪಾಯಿತು, ನಿಮ್ಮ ಸ್ಲೈಡೇ ಗೆದ್ದದ್ದು ಎಂದೆ. ಎಷ್ಟು ನಿಮಿಷಕ್ಕೆ ಎತ್ತಿದಿರಿ ಎಂದು ಕೇಳಿದೆ.

"ನಿಮಿಷ ಯಾರ್ ನೋಡಿದ್ರಮ್ಮಾ. ಕೈ ನಡುಗ್ತಿತ್ತು. ಬಿದ್ದು ಒಡ್ದೋಗ್ತದೆ ಅಂತ ಎತ್ಬಿಟ್ಟೆ. ಬೆಲ್ಲದ ನೀರಿನ ಬಣ್ಣ ಬಂದಿತ್ತು, ಅಷ್ಟೇ ಗೊತ್ತು."

ಒಂಬತ್ತು ವರ್ಷ ಒಂದೇ ಮೇಜಿನ ಎದುರು ನಿಂತು ಕೆಲಸ ಮಾಡಿದ್ದೇವೆ. ಅವರ ಕೈ ನಡುಗುವುದನ್ನು ನೋಡಿರಲಿಲ್ಲ.

"ಈಗ ಹನ್ನೊಂದು ಗಂಟೆ ಟೀ ಯಾರ್ ಜೊತೆ ಕುಡೀತೀರಾ ಮೇಡಂ?"

ಹೊಸಬರು ಬಂದಿದ್ದಾರೆ ಎಂದೆ. ಯಾರೂ ಬಂದಿಲ್ಲ. ಒಂದು ಚೀಲ ಅವರೆಕಾಯಿ ಕೊಟ್ಟು ಬಸ್ಸಿನವರೆಗೆ ಬಂದರು.

15 ಡಿಸೆಂಬರ್, ಬೆಳಿಗ್ಗೆ 11
ಗಡಿಯಾರ ಬಿಚ್ಚಿಟ್ಟು ಬಣ್ಣ ನೋಡಿ ಎತ್ತಿದೆ. ಆರು ಸ್ಲೈಡ್. ಆರೂ ಕಂದು! ಕಿಟಕಿಯ ಬೆಳಕಿಗೆ ಹಿಡಿದು, ನೋಡಿ ಇಲ್ಲಿ, ಎಂದು ಮುನಿಯಲ್ಲಪ್ಪ ನಿಲ್ಲುತ್ತಿದ್ದ ಕಡೆಗೆ ತಿರುಗಿದೆ —