ಪರ್ಸಿಯಜ್ಜನ ಹಾಡು

ಹಿಲ್ಡಕ್ಕಾ,

ಥಾರ್ನ್‌ಹೋ ಎಂಬ ಕಡಲ ಕಡೆಯ ಹಳ್ಳಿಯಲ್ಲಿದ್ದೇನೆ. ನಿನ್ನೆ ಪಬ್ಬಿನಲ್ಲಿ ಎಲ್ಲರೂ ಸರದಿಯ ಮೇಲೆ ಹಾಡುತ್ತಿದ್ದರು. ನನ್ನ ಸರದಿಗೆ ಅಪ್ಪ ಹಾಡುತ್ತಿದ್ದ ಮುಳುಗಿದ ನಾವಿಕನ ಹಾಡು ಎತ್ತಿಕೊಂಡೆ. ಮೊದಲ ಸಾಲಿಗೇ ಎಲ್ಲರೂ ಗ್ಲಾಸು ಕೆಳಗಿಟ್ಟರು. ಪಬ್ಬಿನೊಡತಿ ಹತ್ತಿರ ಬಂದು, "ಅದು ಪರ್ಸಿಯಜ್ಜನ ಹಾಡು ಕಣಪ್ಪ. ಅಲ್ಲೇ ಕೂತವ್ರೆ ನೋಡು" ಎಂದಳು. ನಮ್ಮೂರಿನಲ್ಲಿ ಹಾಡು ಯಾರ ಬಾಯಿಗೆ ಬಂದರೆ ಅವರದು. ಇಲ್ಲಿ ಒಬ್ಬರ ಹಾಡನ್ನು ಅವರು ಬದುಕಿರುವವರೆಗೆ ಇನ್ನೊಬ್ಬರು ಮುಟ್ಟುವುದಿಲ್ಲ. ನಿಲ್ಲಿಸಿಬಿಟ್ಟೆ.

ಬೆಂಕಿಯ ಪಕ್ಕದ ಕುರ್ಚಿಯಿಂದ ಮುದುಕ ಗದರಿದ: "ಯಾಕೋ ನಿಲ್ಸಿದೆ? ನಂಗೆ ಪದ ಮರ್ತು ಎಷ್ಟೋ ಕಾಲ ಆಯ್ತು. ಈ ಪುಕ್ಕಲರು ನಾನು ಸಾಯ್ಲಿ ಅಂತ ಕಾಯ್ತಾ ಕೂತವ್ರೆ. ಹಾಡು ನೀನು."

ಹಾಡಿದೆ. ಪಲ್ಲವಿಗೆ ಇಡೀ ಪಬ್ಬು ದನಿಗೂಡಿಸಿತು. ಮುಗಿದ ಮೇಲೆ ಮುದುಕ ನನ್ನ ತೋಳು ಹಿಡಿದು, "ಇನ್ಮೇಲೆ ಇದು ನಿಂದು. ಪ್ರತಿ ಶನಿವಾರ ಹಾಡ್ಬೇಕು. ನೀನು ಊರು ಬಿಟ್ಟು ಹೋದ್ರೆ ಇಲ್ಲಿ ಬೇರೆ ಯಾರೂ ಹಾಡಂಗಿಲ್ಲ, ತಿಳೀತಾ?" ಎಂದ.

ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನನ್ನ ಬುದ್ಧಿ ನಿನಗೆ ಗೊತ್ತಲ್ಲ, ಒಂದೇ ಊರಿನಲ್ಲಿ ಎರಡು ಶನಿವಾರ ಕಳೆದವನಲ್ಲ.

ಕೆಮ್ಮು ಇಳಿದಿದೆ, ಆದರೆ ಇಲ್ಲಿಯ ಗಾಳಿ ಮೂಳೆಗೇ ನಾಟುತ್ತದೆ. ಪಿಟೀಲು ಹೆಗಲಿಗೇರಿಸಿಕೊಂಡು ಬಸ್ಸಿಗೆ ನಿಂತಿದ್ದೇನೆ. ಅಂಚೆ ಡಬ್ಬಿ ಎದುರಿಗೇ ಇದೆ. ಬಸ್ಸು ಬಂದು ಹೋಗುವವರೆಗೆ ಈ ಕಾರ್ಡು ಹಾಕುವುದಿಲ್ಲ; ಬಸ್ಸು ಹತ್ತಿದರೆ ಮುಂದಿನ ಊರಿನಲ್ಲಿ ಹಾಕುತ್ತೇನೆ. ಅಂಚೆ ಮೊಹರಿನಲ್ಲಿ ಥಾರ್ನ್‌ಹೋ ಎಂದಿದ್ದರೆ ನನ್ನ ದಪ್ಪ ಕೋಟು ಇಲ್ಲಿಗೆ ಕಳಿಸು.

ನಿನ್ನ ತಮ್ಮ,
ಸೆತ್