ಎದುರು ಕಡೆಯ ಕಂಬ

ಮನೆ, ಕೆಳಗಿನ ಕೋಣೆ
ಮಾರ್ಚ್ ಹದಿಮೂರು, ಸೋಮವಾರ ಸಂಜೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟದ ನೋವು ಎಷ್ಟರ ಮಟ್ಟಿಗಿದೆ? ಮಾತ್ರೆ ನುಂಗಿದ ಮೇಲೆ ಹೊಟ್ಟೆ ಉರಿಯುತ್ತದೆ ಅನ್ನುತ್ತಿದ್ದೆಯಲ್ಲ, ಅದು ಕಡಿಮೆಯಾಯಿತಾ? ನಿದ್ದೆ ಬರುತ್ತಿದೆಯಾ? ಇದಕ್ಕೆಲ್ಲ ನೀನು 'ಪರವಾಗಿಲ್ಲ' ಎಂಬ ಒಂದೇ ಉತ್ತರ ಕೊಡುತ್ತೀಯ ಅಂತ ಗೊತ್ತಿರುವುದರಿಂದ ನಿನ್ನ ಮಗಳನ್ನೇ ಕೇಳಿದೆ. ಮುರಿದಿದ್ದ ಸೊಂಟದ ಮೂಳೆ ಚೆನ್ನಾಗಿ ಕೂಡಿಕೊಂಡಿದೆಯಂತೆ, ಕೋಲು ಹಿಡಿದು ದಿನಾ ಓಡಾಡಲೇಬೇಕು ಎಂದು ಡಾಕ್ಟರು ಹೇಳಿ ಎಷ್ಟೋ ದಿನ ಆಯಿತಂತೆ. "ಆದ್ರೆ ಮಾವಾ, ಅಮ್ಮ ರೂಮಿನ ಬಾಗಿಲು ದಾಟಲ್ಲ. ನಂದೆಲ್ಲ ಮುಗೀತು ಅಂತಾಳೆ. ಕೋಲಿನ ಮೇಲೆ ಟವೆಲ್ ಒಣಗಿಸ್ತಾಳೆ" ಅಂದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಲ್ಲಿ ನಾವೆಲ್ಲ ಆರಾಮ. ನಿನ್ನ ನಾದಿನಿ ನನ್ನ ಮೇಲೆ ಬೇಜಾರು ಮಾಡಿಕೊಂಡಿರುವುದೂ ಆರಾಮದ ಲೆಕ್ಕಕ್ಕೇ ಸೇರಿತು, ಅದಿಲ್ಲದಿದ್ದರೆ ಮನೆ ಮನೆಯಂತೆ ಅನ್ನಿಸುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ವಾರ ನೀನು ಫೋನಿನಲ್ಲಿ ಗದರಿದ್ದು ಇನ್ನೂ ಕಿವಿಯಲ್ಲಿದೆ. "ಬ್ಯಾಸ್ಕೆಟ್‌ಬಾಲ್ ಬಿಟ್ಟೆ ಅಂತ ಬರೆದು ಕಳಿಸು. ಫೋನಲ್ಲಿ ಬೇಡ, ಫೋನಲ್ಲಿ ನೀನು ನಗಿಸಿ ನಗಿಸಿ ಜಾರಿಕೊಳ್ತೀಯ." ಅಪ್ಪಣೆಯಂತೆ ಬರೆಯಲು ಕೂತಿದ್ದೇನೆ. ನೀನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಐವತ್ತು ದಾಟಿದವನು ಭಾನುವಾರ ಬೆಳಿಗ್ಗೆ ಚಡ್ಡಿ ಹಾಕಿಕೊಂಡು ಚೆಂಡಿನ ಹಿಂದೆ ಓಡುವುದು ನೋಡಲಿಕ್ಕೂ ಚೆಂದವಲ್ಲ, ಮೈಗೂ ಒಳ್ಳೆಯದಲ್ಲ. ಮೊದಲು ಬೆರಳು ಉಳುಕಿತು, ನಕ್ಕೆವು. ಆಮೇಲೆ ಹಿಮ್ಮಡಿ, ಆಮೇಲೆ ಪಕ್ಕೆಲುಬು. ಆ ಪಕ್ಕೆಲುಬಿನ ಕಾಲದಲ್ಲಿ ಸೀನು ಬಂದರೆ ಗೋಡೆ ಹಿಡಿದುಕೊಳ್ಳುತ್ತಿದ್ದೆ, ನೆನಪಿದೆಯಾ? ಮನಸ್ಸು ಇನ್ನೂ ಇಪ್ಪತ್ತರಲ್ಲೇ ಇದೆ, ಮೈ ಮಾತ್ರ ಮುಂದೆ ಹೋಗಿಬಿಟ್ಟಿದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಎರಡೂ ಸೇರಿ ನನ್ನನ್ನು ಆಗಾಗ ನೆಲಕ್ಕೆ ಕೆಡವುತ್ತವೆ. ಕೊನೆಗೆ ಡಿಸೆಂಬರಿನಲ್ಲಿ ಮೊಣಕಾಲು. ಚೆಂಡು ಹಿಡಿಯಲು ನೆಗೆದೆ, ಇಳಿಯುವಾಗ ಒಳಗೆ ಹಳೇ ಸೋಫಾದ ಬಟ್ಟೆ ಹರಿದ ಸದ್ದಾಯಿತು. ದಿನಾ ಅದನ್ನೇ ಹರಿಯುವವನು ನಾನು, ಆ ಸದ್ದಿನ ಅರ್ಥ ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಸೋಫಾ ಕೆಲಸದವನಿಗೆ ಮೊಣಕಾಲೇ ಬಂಡವಾಳ ಅಕ್ಕಾ. ಬಾಯಲ್ಲಿ ಮೊಳೆ ಕಚ್ಚಿಕೊಂಡು, ಮೊಣಕಾಲೂರಿ, ಪಟ್ಟಿ ಎಳೆದು ಹೊಡೆಯುವ ಕೆಲಸ. "ಅನ್ನ ಕೊಡೋ ಮೊಣಕಾಲನ್ನ ಆಟಕ್ಕೆ ಕೊಟ್ಟು ಬಂದಿದ್ದೀರಲ್ಲ" ಎಂದು ನಿನ್ನ ನಾದಿನಿ ಕಣ್ಣೀರು ಹಾಕಿದಳು. ಮೂಳೆ ಡಾಕ್ಟರು ಸ್ಕ್ಯಾನಿನ ಚಿತ್ರವನ್ನು ದೀಪಕ್ಕೆ ಹಿಡಿದು ನೋಡಿ, "ಇನ್ಮೇಲೆ ಓಡಬೇಡಿ, ನೆಗೀಬೇಡಿ, ಗಕ್ಕನೆ ತಿರುಗಬೇಡಿ" ಅಂದರು. "ಹಾಗಾದ್ರೆ ಉಳಿದಿದ್ದೇನು ಸಾರ್?" ಅಂದೆ. "ನಿಂತ್ಕೊಳ್ಳಿ. ಬೇಕಾದಷ್ಟು ಹೊತ್ತು ನಿಂತ್ಕೊಳ್ಳಿ, ಯಾರು ಬೇಡ ಅಂದ್ರು?" ಅಂದರು. ಆಗ ಆ ಮಾತಿನ ಬೆಲೆ ತಿಳಿಯಲಿಲ್ಲ, ಸಿಟ್ಟು ಬಂತು.

ಕಾಲು ಚಾಚಿ ಕೂತ ಆ ವಾರಗಳನ್ನು ನಾನು ಮರೆಯುವುದಿಲ್ಲ. ಅಂಗಡಿಯಲ್ಲಿ ಅರ್ಧ ಬಿಚ್ಚಿದ ಸೋಫಾಗಳು ಹೊಟ್ಟೆ ತೆರೆದುಕೊಂಡು ಬಿದ್ದಿದ್ದವು, ಗಿರಾಕಿಗಳು ದಿನಾ ಬಂದು ಇಣುಕುತ್ತಿದ್ದರು. ಆಗ ಬಂದವರು ಯಾರು ಗೊತ್ತಾ? ನೀನು 'ಕೆಲಸವಿಲ್ಲದ ದಂಡು' ಎಂದು ಬೈಯುವ ನನ್ನ ಆಟದ ಗುಂಪು. ಲಿಫ್ಟ್ ರಿಪೇರಿಯವನು, ನಾವು ಜಿರಾಫೆ ಅನ್ನುತ್ತೇವಲ್ಲ ಆ ಉದ್ದನೆಯವನು, ಕೆಲಸ ಮುಗಿಸಿ ಬಂದು ಸೋಫಾಗಳನ್ನು ನಾನು ಕೂತಲ್ಲಿಗೇ ಹೊತ್ತು ತಂದು, ಹೇಳಿದ ಕಡೆಗೆ ತಿರುಗಿಸಿ ಕೊಡುತ್ತಿದ್ದ. ಬೇಕರಿಯವನು ಬ್ರೆಡ್ಡಿನ ಜೊತೆ ಊರಿನ ಸುದ್ದಿಯನ್ನೂ ತರುತ್ತಿದ್ದ, ಎರಡೂ ಬಿಸಿಬಿಸಿ. ಇನ್ನು ಹಲ್ಲಿನ ಡಾಕ್ಟರಮ್ಮ! ಆಯಮ್ಮನೇ ನನ್ನನ್ನು ಬಿದ್ದ ದಿನ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು. ಒಂದು ಸಂಜೆ ನನ್ನ ಬಾಗಿದ ಸೂಜಿ ಕೈಗೆತ್ತಿಕೊಂಡು, "ಅಯ್ಯೋ, ಇದು ನಮ್ಮ ಸೂಜಿಯ ಅಣ್ಣ ಅಲ್ವಾ? ನಾವು ವಸಡಿಗೆ ಹೊಲಿಗೆ ಹಾಕೋದೂ ಇಂಥದ್ರಲ್ಲೇ, ಇದಕ್ಕಿಂತ ಸಣ್ಣದು ಅಷ್ಟೇ" ಎಂದು ಒಂದು ಬೆನ್ನುದಿಂಬನ್ನು ಪೂರ್ತಿ ಹೊಲಿದುಕೊಟ್ಟರು. ಎಷ್ಟು ಒತ್ತೊತ್ತಾದ ಹೊಲಿಗೆ ಅಂದರೆ ಆ ಸೋಫಾ ಇನ್ನು ಯಾವ ಜನ್ಮಕ್ಕೂ ಬಾಯಿ ಬಿಡುವುದಿಲ್ಲ. ಹೊಲಿದು ಮುಗಿಸಿ, ಅಭ್ಯಾಸಬಲ, "ಇವತ್ತು ಗಟ್ಟಿ ಪದಾರ್ಥ ಏನೂ ಬೇಡ" ಎಂದು ಸೋಫಾಕ್ಕೆ ಹೇಳಿದರು. ಇವರೆಲ್ಲ ನನಗೆ ಏನಾಗಬೇಕು? ರಕ್ತಸಂಬಂಧವಲ್ಲ, ಒಂದೇ ಬೀದಿಯವರೂ ಅಲ್ಲ. ವಾರಕ್ಕೊಮ್ಮೆ ಒಬ್ಬರ ಕಾಲು ಒಬ್ಬರು ತುಳಿಯುವ ನಂಟು, ಅಷ್ಟೇ. ಆದರೂ ಕಷ್ಟಕ್ಕೆ ಆದರು.

ಅದಕ್ಕೇ ಬಿಡುವುದಾದರೆ ಹೇಳಿ ಬಿಡಬೇಕು, ಸುಮ್ಮನೆ ಕಾಣೆಯಾಗಬಾರದು ಅನ್ನಿಸಿತು. ನಿನ್ನೆ ಬೆಳಿಗ್ಗೆ ಚೆಂಡು ಮತ್ತು ಗಾಳಿ ಪಂಪನ್ನು ಚೀಲಕ್ಕೆ ಹಾಕಿಕೊಂಡು ನಾವು ಆಡುವ ಶಾಲೆಯ ಹಾಲಿಗೆ ಹೋದೆ. ಆ ಚೆಂಡನ್ನು ಕಾಯುವ ಕೆಲಸ ಮೊದಲಿನಿಂದಲೂ ನನ್ನದು. ಒಪ್ಪಿಸಿ, ಎಲ್ಲರಿಗೂ ನಮಸ್ಕಾರ ಹೇಳಿ, ಮನೆಗೆ ಬಂದು ನಿನಗೆ 'ಬಿಟ್ಟೆ' ಎಂದು ಒಂದೇ ಸಾಲು ಬರೆಯುವುದು ಅಂತ ಲೆಕ್ಕ. ಹಾಲಿನ ಬಾಗಿಲು ತೆಗೆದ ಕೂಡಲೇ ಅದೇ ರಬ್ಬರಿನ ವಾಸನೆ, ಅದೇ ಮರದ ನೆಲ, ಬೇಕರಿಯವನು ಅದೇ ನೆಲವನ್ನು ಬೈಯುತ್ತಿದ್ದಾನೆ. ಅವನು ಎಡವಿದಾಗಲೆಲ್ಲ ತಪ್ಪು ನೆಲದ್ದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಚೀಲವನ್ನು ಮೇಷ್ಟ್ರ ಮುಂದೆ ಚಾಚಿದೆ. ಮೇಷ್ಟ್ರು ಅಂದರೆ ನಿವೃತ್ತ ಭೂಗೋಳದ ಮೇಷ್ಟ್ರು, ನಮ್ಮ ಆಟಕ್ಕೆ ಸೀಟಿ ಊದುವವರು. ಅವರ ಮಾತೇ ಅಲ್ಲಿ ಕಾನೂನು. ಅವರು ಚೀಲ ಮುಟ್ಟಲಿಲ್ಲ. ಜೇಬಿನಿಂದ ಸೀಮೆಸುಣ್ಣ ತೆಗೆದು, ರಿಂಗಿನ ಎಡಗಡೆ ಬಗ್ಗಿ ಒಂದು ವೃತ್ತ ಎಳೆದು, "ಚೀಲ ಆಮೇಲೆ ನೋಡೋಣ. ಮೊದಲು ಹೋಗಿ ಅಲ್ಲಿ ನಿಂತ್ಕೊಳ್ಳಿ. ಇವತ್ತು ನೀವು ಕಂಬ" ಅಂದರು.

ಕಂಬ! ಓದಿದ ಕೂಡಲೇ ನಿನ್ನ ಮುಖದಲ್ಲಿ ಏನಾಯಿತೋ ನನಗೆ ಇಲ್ಲಿಂದಲೇ ಕಾಣುತ್ತದೆ. ನಾನಾಗ ಒಂಬತ್ತು ವರ್ಷದವನು, ಗೋಡೆಯಿಂದ ಬಿದ್ದು ಕಾಲಿಗೆ ಪ್ಲಾಸ್ಟರ್. ಹಿತ್ತಲ ಗೋಡೆಗೆ ಸಿಕ್ಕಿಸಿದ, ತಳ ಕತ್ತರಿಸಿದ ಬಕೆಟ್ಟೇ ನಮ್ಮ ರಿಂಗ್. ಅಮ್ಮ "ಅವನು ಮಲಗಿರಲಿ" ಅಂದರೆ ಶಾಲಾ ತಂಡದ ಕ್ಯಾಪ್ಟನ್ ಆದ ನೀನು ನನ್ನನ್ನು ಸೊಂಟದ ಮೇಲೆ ಹೊತ್ತು ತಂದು ಬಕೆಟ್ಟಿನ ಪಕ್ಕದಲ್ಲಿ ನಿಲ್ಲಿಸಿದೆ. ಬೀದಿಯ ಮಕ್ಕಳೆಲ್ಲ ಗೊಣಗಿದರು. ನೀನು ಅಂದೆ, "ಇವನಿಲ್ಲದ ಆಟ ಬೇಡ. ಇವನು ಕಂಬ. ಕಂಬವನ್ನ ಯಾರೂ ಮುಟ್ಟಬಾರದು, ತಳ್ಳಬಾರದು. ಆದರೆ ಕಂಬದ ಕಡೆಯವರ ಚೆಂಡು ಕಂಬದ ಕೈಗೆ ಬಂದು ಹೋಗದೆ ಬಕೆಟ್ಟಿಗೆ ಬಿದ್ರೆ ಲೆಕ್ಕಕ್ಕಿಲ್ಲ." ಆ ನಿಯಮವನ್ನು ನಾನು ಬಹಳ ವರ್ಷಗಳ ಹಿಂದೆ, ಬೇಕರಿಯವನಿಗೆ ಬೆನ್ನು ಹಿಡಿದಿದ್ದಾಗ, ಈ ಗುಂಪಿಗೆ ಹೇಳಿಕೊಟ್ಟಿದ್ದೆ. ಅವನನ್ನು ಕಂಬ ಮಾಡಿ ಮಜಾ ತೆಗೆದುಕೊಂಡು ಮರೆತೇಬಿಟ್ಟಿದ್ದೆವು. ಮೇಷ್ಟ್ರು ಮರೆತಿರಲಿಲ್ಲ.

ನಿಂತೆ. ಡಾಕ್ಟರು ನಿಲ್ಲಬಹುದು ಅಂದಿದ್ದಾರೆ ತಾನೇ! ಸರಿಯಿರುವ ಒಂದೇ ರಿಂಗಿಗೆ ನಾವು ಎರಡೂ ಕಡೆಯವರು ಆಡುವುದು, ಇನ್ನೊಂದು ತುಕ್ಕು ಹಿಡಿದು ಬಾಗಿದೆ. ಬೇಕರಿಯವನು, ಡಾಕ್ಟರಮ್ಮ ನನ್ನ ಕಡೆ, ಜಿರಾಫೆ ಎದುರು ಕಡೆ. ಮೊದಮೊದಲು ಬಂದ ಚೆಂಡುಗಳೆಲ್ಲ ಕೈಯಿಂದ ಜಾರಿದವು. ಓಡದೆ ಆಡುವುದು ಹೇಗೆಂದು ಮೈಗೆ ತಿಳಿಯದು, ಮೊಣಕಾಲು ತಾನಾಗಿ ಮುಂದಕ್ಕೆ ಹೊರಡುತ್ತದೆ, ಮೇಷ್ಟ್ರು "ಕಂಬ ನಡೆಯೋದಿಲ್ಲ ರೀ!" ಎಂದು ಸೀಟಿ ಊದುತ್ತಾರೆ. ಆದರೆ ಸ್ವಲ್ಪ ಹೊತ್ತಿಗೆ ಒಂದು ವಿಚಿತ್ರ ನಡೆಯಿತು. ಇಷ್ಟು ವರ್ಷ ಇವರ ಜೊತೆ ಓಡಿದ್ದೇನೆ, ಇವರನ್ನು ನೋಡಿಯೇ ಇರಲಿಲ್ಲ. ಬೇಕರಿಯವನು ಚೆಂಡು ಕೊಡುವ ಮುಂಚೆ ತುಟಿ ಸವರುತ್ತಾನೆ. ಡಾಕ್ಟರಮ್ಮ ಬಲಕ್ಕೆ ನೋಡಿದರೆ ಎಡಕ್ಕೇ ಓಡುತ್ತಾರೆ. ಜಿರಾಫೆ ಯಾರನ್ನಾದರೂ ಬೀಳಿಸಿದರೆ ತಾನೇ ಮೊದಲು ಕೈ ಕೊಡುತ್ತಾನೆ, ಎಬ್ಬಿಸಿ ಬಟ್ಟೆಯ ಧೂಳು ಕೊಡವುತ್ತಾನೆ. ನಿಂತವನಿಗೆ ಎಲ್ಲ ಕಾಣುತ್ತದೆ. ಕಂಡಷ್ಟೂ ಅವರ ಮೇಲೆ ಪ್ರೀತಿ ಉಕ್ಕಿ ಬಂತು.

ಕೊನೆಯ ಹೊತ್ತಿಗೆ ಎರಡೂ ಕಡೆ ಸಮ. ಬೇಕರಿಯವನು ತುಟಿ ಸವರಿದ, ಚೆಂಡು ನನ್ನ ಕೈಗೆ ಬಂತು. ಎದುರಿಗೆ ಜಿರಾಫೆ ಮುಟ್ಟದೆಯೇ ಕೈಯಗಲಿಸಿ ಗೋಡೆಯ ಹಾಗೆ ನಿಂತಿದ್ದಾನೆ, ಏನೂ ಕಾಣುವುದಿಲ್ಲ. ಆಗ ಹಿತ್ತಲಿನ ನಿನ್ನ ದನಿ ಕೇಳಿತು ಅಕ್ಕಾ. "ಕಣ್ಣಲ್ಲಿ ಹುಡುಕಬೇಡ ಮೊದ್ದೂ, ಕಾಲಿನ ಸದ್ದು ಕೇಳು." ಡಾಕ್ಟರಮ್ಮನ ಎಡಗಾಲಿನ ಶೂ ಕೀಚ್ ಅನ್ನುತ್ತದೆ. ಬೆನ್ನ ಹಿಂದೆ ಎಲ್ಲೋ ಕೀಚ್ ಅಂದಿತು. ತಿರುಗಿ ನೋಡದೆ ಚೆಂಡನ್ನು ತಲೆಯ ಮೇಲಿಂದ ಹಿಂದಕ್ಕೆ ಬಿಟ್ಟೆ. ಏನಾಯಿತೆಂದು ನಾನು ನೋಡಲೇ ಇಲ್ಲ, ಬಲೆಯ ಸದ್ದು ಮಾತ್ರ ಕೇಳಿತು. ಹಾಲಿಗೆ ಹಾಲೇ ಕೂಗಿತು. ನಾನು ವೃತ್ತದೊಳಗೆ ನಿಂತು ಮಗುವಿನ ಹಾಗೆ ಅತ್ತೆ. ಬೇಕರಿಯವನು ನೋವಾಯಿತೇನೋ ಎಂದು ಮಂಜುಗಡ್ಡೆ ತರಲು ಓಡಿದ. ನೋವಲ್ಲ ಮಾರಾಯ, ನನಗೆ ಇಷ್ಟೆಲ್ಲ ಇದೆಯಲ್ಲ ಅನ್ನಿಸಿ ಅಳು ಬಂತು ಎಂದು ಅವನಿಗೆ ಹೇಗೆ ಹೇಳುವುದು? ಮಂಜುಗಡ್ಡೆ ಇಟ್ಟುಕೊಂಡೆ. ಆಮೇಲೆ ಈ ನಿಯಮ ಮಾಡಿದವಳು ನನ್ನ ಅಕ್ಕ ಎಂದು ಎಲ್ಲರನ್ನೂ ಕೂರಿಸಿ ಕಥೆ ಹೇಳಿದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ನೀನು ಮಾಡಿದ್ದು ಆಗ ನನಗೆ ಅರ್ಥವಾಗಿರಲಿಲ್ಲ. ಈಗ ಆಗಿದೆ. ನಿನಗೆ ಕೈಮುಗಿಯುತ್ತೇನೆ.

ಸರಿ, ನೀನು ಕೇಳಿದ್ದಕ್ಕೆ ಬರಹದಲ್ಲೇ ಉತ್ತರ. ಓಡುವುದನ್ನು ಬಿಟ್ಟೆ. ನೆಗೆಯುವುದನ್ನು ಬಿಟ್ಟೆ. ಗಕ್ಕನೆ ತಿರುಗುವುದನ್ನೂ ಬಿಟ್ಟೆ. ಮೂರೂ ಬಿಟ್ಟವನು ಊರಿಗೇ ದೊಡ್ಡವನು ಅನ್ನುತ್ತಾರಲ್ಲ, ಹಾಗಾಗಿದೆ ನನ್ನ ಕಥೆ. ನಿನ್ನ ನಾದಿನಿಗೂ ಇದನ್ನು ಓದಿ ಹೇಳಿದೆ. "ನಿಂತಿರೋದಾದ್ರೆ ನಿಂತಿರಿ, ಮನೇಲಿ ಅಂತೂ ಕೂತೇ ಇರ್ತೀರಿ" ಎಂದು ಒಳಗೆ ಹೋದಳು. ಅದು ಒಪ್ಪಿಗೆ ಎಂದೇ ನಾನು ತಿಳಿದಿದ್ದೇನೆ. ಭಾವನವರಿಗೆ ನನ್ನ ನಮಸ್ಕಾರ ಹೇಳು, ಮಗಳಿಗೆ ಮುದ್ದು. ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ, ಜೊತೆಗೆ ಈ ಮೊಣಕಾಲಿನ ಮೇಲೂ ಸ್ವಲ್ಪ.

ನಿನ್ನ ಮೊದ್ದು ತಮ್ಮ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಅವಸರದಲ್ಲಿ ಇದಿಷ್ಟು. ಆಟ ಮುಗಿದ ಮೇಲೆ ಜಿರಾಫೆ ಜಗಳ ತೆಗೆದ. "ಇದು ಅನ್ಯಾಯ, ಅವರಿಗೆ ಕಂಬ ಇದೆ, ನಮಗಿಲ್ಲ" ಅಂದ. ಮೇಷ್ಟ್ರು ಯೋಚಿಸಿ ತೀರ್ಪು ಕೊಟ್ಟರು: ಇನ್ನು ಮುಂದೆ ಎರಡೂ ಕಡೆ ಕಂಬ ಇದ್ದರೆ ಆಟದಲ್ಲಿ ಕಂಬ, ಇಲ್ಲದಿದ್ದರೆ ಯಾರಿಗೂ ಇಲ್ಲ. ರಿಂಗಿನ ಬಲಗಡೆಗೂ ಒಂದು ವೃತ್ತ ಎಳೆದರು, ಅದು ಖಾಲಿ ಇದೆ, ಆ ಜಾಗ ನಿನ್ನದು. ಅಂದಮೇಲೆ ನೀನು ಬಾರದಿದ್ದರೆ ನಿನ್ನ ಮಾತೇ ಗೆದ್ದಂತೆ, ನನ್ನ ಆಟ ಮುಗಿಯಿತು. ಬಂದರೆ ಇಬ್ಬರದೂ ಇದೆ. ಕಂಬ ಕೂತುಕೊಳ್ಳಬಹುದೇ ಎಂದು ಕೇಳಿದೆ, ಕೂರಬಹುದಂತೆ. ಸೊಂಟಕ್ಕೆ ನೋವಾಗದ ಎತ್ತರಕ್ಕೆ ಒಂದು ಕುರ್ಚಿ ಮಾಡುತ್ತಿದ್ದೇನೆ, ಗಟ್ಟಿ ಸ್ಪಂಜು, ಕೈ ಆಡಿಸಲು ತಗ್ಗು ಬೆನ್ನು, ಕಾಲಿಗೆ ರಬ್ಬರು, ಪಕ್ಕದಲ್ಲಿ ಕೋಲು ಸಿಕ್ಕಿಸಲು ಕೊಂಡಿ. ಕೋಲಿನ ಮೇಲಿನ ಟವೆಲ್ ತೆಗಿ. ಮಗಳು ಕಾರಿನಲ್ಲಿ ಕರೆತರುತ್ತೇನೆ ಅಂದಿದ್ದಾಳೆ, ಬಾಗಿಲವರೆಗೆ ಮಾತ್ರ ನೀನು ನಡೆದು ಬರಬೇಕು. ನೀನಿಲ್ಲದ ಆಟ ಬೇಡ ಅಕ್ಕಾ. ಕುರ್ಚಿಗೆ ಯಾವ ಬಣ್ಣದ ಬಟ್ಟೆ ಹಾಕಲಿ ಎಂದು ಬರೆದು ಕಳಿಸು. ಫೋನಲ್ಲಿ ಬೇಡ, ಫೋನಲ್ಲಿ ನೀನು ಜಾರಿಕೊಳ್ಳುತ್ತೀಯ.